ಹಂಚಿನ ಮೇಲಿಟ್ಟ ಫೋನು

ನಮ್ಮ ಮನೆಯಲ್ಲಿ ಇದ್ದದ್ದು ನಾವಿಬ್ಬರು, ಒಂದು ಮೊಬೈಲು. ನಾನು ದಿನಾ ಬಸ್ಸಿನಲ್ಲಿ ಹೋಗಿಬಂದು ಕೆಲಸ ಮಾಡುವ ಹುಮನಾಬಾದಿನ ಔಷಧಿ ಕಾರ್ಖಾನೆಯಲ್ಲಿ ಒಬ್ಬ ಸಾಹೇಬರು ಹೊಸದು ಕೊಂಡಾಗ ತಮ್ಮ ಹಳೆಯದನ್ನು ನನಗೆ ಕೊಟ್ಟಿದ್ದರು. ಅದು ಬಸವಕಲ್ಯಾಣದ ಮನೆಗೆ ಬಂದ ದಿನದಿಂದ ನನ್ನ ಹೆಂಡತಿ ರೊಟ್ಟಿ ಬಡಿಯುವಾಗಲೂ ಅದನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಕ್ರಮೇಣ ಚಾರ್ಜರಿನ ತೂತಿನಲ್ಲಿ ಜೋಳದ ಹಿಟ್ಟು ಕೂತು ಗಟ್ಟಿಯಾಯಿತು. ಅವಳು ಅದನ್ನು ಸೂಜಿಯಿಂದ ಕೆದಕಿದಳು. ಅಲ್ಲಿಗೆ ಆ ತೂತಿನ ಕಥೆ ಮುಗಿಯಿತು.

ಹುಮನಾಬಾದ್ ಬಸ್‌ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿಯವನೊಬ್ಬನಿದ್ದಾನೆ. ಅವನು ನೋಡಿ, ಈ ಫೋನಿಗೆ ವೈರು ಚುಚ್ಚಬೇಕಾಗಿಲ್ಲ, ಒಂದು ಚಾರ್ಜಿಂಗ್ ತಟ್ಟೆ ತೆಗೆದುಕೊಂಡು ಅದರ ಮೇಲೆ ಇಟ್ಟರೆ ಸಾಕು ಎಂದ. ದುಂಡಗೆ, ಕಪ್ಪಗೆ, ಅಂಗೈಯಗಲದ ತಟ್ಟೆ; ಕೊಂಡು ಮನೆಗೆ ತಂದೆ. ಅವಳು ಅದನ್ನು ತಿರುವಿ ಮುರುವಿ ನೋಡಿ ನಕ್ಕಳು.

"ಇದು ರೊಟ್ಟಿ ಹಂಚ ಅದಲ್ರಿ! ಇದ್ರ ಮ್ಯಾಲ ಫೋನು ರೊಟ್ಟಿ ಹಾಕ್ದಂಗ ಹಾಕಬೇಕೇನು?"

ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಹಂಚು. ಚಾರ್ಜಾಗುವಾಗ ಫೋನು ಸ್ವಲ್ಪ ಬೆಚ್ಚಗಾಗುತ್ತದೆ. ಅವಳು ಅಂಗೈ ಇಟ್ಟು ನೋಡಿ, "ಇನ್ನಾ ಬೇಯಾಕತ್ತದ, ತಡೀರಿ" ಅನ್ನುವಳು. ಬಿಸಿ ತಾಗಿದರೆ ಸಾಕು, ಬೆಂದಿತು ಎಂದು ನನ್ನ ಕೈಗೆ ಕೊಡುವಳು.

ಅವಳಿಗೆ ಬರೆಯಲು ಅಷ್ಟಾಗಿ ಬರುತ್ತಿರಲಿಲ್ಲ. ಹುಮನಾಬಾದಿನ ಬಜಾರದಿಂದ ಸಂಜೆ ತರಬೇಕಾದ ಸಾಮಾನನ್ನು ಬೆಳಿಗ್ಗೆ ಹಂಚಿನ ಮೇಲೆ ಬಾಗಿ ಫೋನಿಗೇ ಹೇಳಿ ರೆಕಾರ್ಡ್ ಮಾಡುತ್ತಿದ್ದಳು. "ನಿಮ್ಮ ತಲಿಗಿ ಹೇಳೂದಕ್ಕಿಂತ ಇದಕ್ಕ ಹೇಳೂದು ಛಲೋ. ಪಲ್ಯಾ ತರ್ರಿ ಅಂದ್ರ ಹುಲ್ಲು ತರೂ ಮಂದಿ ನೀವು." ನಾನು ಸಂಜೆ ತರಕಾರಿ ಸಾಲಿನ ಬೇವಿನ ಮರದ ಕೆಳಗೆ ನಿಂತು ಅದನ್ನು ಕಿವಿಗೆ ಹಿಡಿದು ಕೇಳಿ, ಒಂದೊಂದೇ ಕೊಂಡು, ಅಳಿಸಿಬಿಡುತ್ತಿದ್ದೆ. ಎಷ್ಟು ಬೆಳಗುಗಳ ಮಾತು ಹಾಗೆ ಅಳಿಸಿದೆನೋ.

ಆ ದಿನದ ಮಾತನ್ನು ಮಾತ್ರ ಕೇಳಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕದ ಮನೆಯ ಅಕ್ಕ ಫೋನು ಮಾಡಿ, "ತಮ್ಮಾ, ಹಾಂಗ ಇದ್ದಂಗ ಬಾ" ಎಂದಳು. ಬಟ್ಟೆ ಒಣಹಾಕುವಾಗ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲವಂತೆ. ನಾನು ಹೋಗಿ ಅವಳ ಕೈ ಹಿಡಿದಾಗ ಕೈ ತಣ್ಣಗಿತ್ತು.

ಮಣ್ಣಿಗಿಡುವ ಮುನ್ನ ಅವಳ ದೊಡ್ಡಕ್ಕ ಎರಡು ಕಾಲುಂಗುರ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಸವೆದು ತಂತಿಯಷ್ಟು ತೆಳ್ಳಗಾಗಿದ್ದವು. ಎಲ್ಲಿಡಲಿ? ನಮ್ಮ ಕಡೆ ಮೊಬೈಲಿನ ಹಿಂದಿನ ಕವರೇ ಪಾಕೀಟು. ಬಸ್ ಟಿಕೀಟು, ಫೋಟೋ, ಎಲ್ಲ ಅದರೊಳಗೇ ಸೇರುತ್ತದೆ. ಅವಳೂ ಹಾಗೇ ಮಾಡುತ್ತಿದ್ದಳು. ನಾನು ಕಾಲುಂಗುರಗಳನ್ನು ಒಂದರ ಪಕ್ಕ ಒಂದು ಮಲಗಿಸಿ ರಬ್ಬರ್ ಕವರು ಮುಚ್ಚಿದೆ. ಅವಳ ಮಾತು, ಅವಳ ಕಾಲುಂಗುರ ಎರಡೂ ಒಂದೇ ಕಡೆ ಇರಲಿ ಅನಿಸಿತ್ತು.

ಅವಳ ದಿನಕರ್ಮ ಮುಗಿದು ನೆಂಟರೆಲ್ಲ ಹೋದ ಮೇಲೆ ಆ ಕೊನೆಯ ಪಟ್ಟಿ ನೆನಪಾಯಿತು. ಅಷ್ಟರಲ್ಲಿ ಫೋನು ಆರಿಹೋಗಿತ್ತು. ಅವಳ ಫೋಟೋದ ಮುಂದೆ ಹಂಚು ಇಟ್ಟು ಅದರ ಮೇಲೆ ಫೋನು ಮಲಗಿಸಿದೆ. ಸ್ವಲ್ಪ ಹೊತ್ತಿಗೆ ಮುಟ್ಟಿದೆ, ಬಿಸಿ ಇತ್ತು. ಯಾವತ್ತಿಗಿಂತ ಹೆಚ್ಚೇ ಬಿಸಿ. ಚೆನ್ನಾಗಿ ಬೇಯುತ್ತಿದೆ ಎಂದು ಬಿಟ್ಟೆ. ಗುಂಡಿ ಒತ್ತಿದರೆ ಹತ್ತಲಿಲ್ಲ. ಇನ್ನೂ ಬೇಕೇನೋ ಎಂದು ಮತ್ತೆ ಇಟ್ಟೆ. ಹೀಗೆ ಮೂರು ದಿನ. ದಿನಾ ಮುಟ್ಟುತ್ತಿದ್ದೆ, ದಿನಾ ಸುಡುತ್ತಿತ್ತು, ದಿನಾ ಕಪ್ಪಗೇ ಇರುತ್ತಿತ್ತು. ನಾಲ್ಕನೆಯ ದಿನ ಭಯ ಹತ್ತಿತು. ಒಳಗಿದ್ದದ್ದು ಸುಟ್ಟುಹೋಗಿದ್ದರೆ? ಹಂಚು, ಫೋನು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹುಮನಾಬಾದಿನ ಅದೇ ರಿಪೇರಿಯವನ ಹತ್ತಿರ ಹೋದೆ.

ಅವನು ಕವರು ಕಿತ್ತ. ಕಾಲುಂಗುರಗಳು ಗಾಜಿನ ಮೇಜಿನ ಮೇಲೆ ಬಿದ್ದು ಉರುಳಿದವು.

"ಏ ಕಾಕಾ, ಇವ್ನ ಇದ್ರಾಗ ಯಾಕ ಇಟ್ಟೀರಿ? ನಡುವ ಲೋಹ ಬಂದ್ರ ಚಾರ್ಜ್ ಹೋಗಂಗಿಲ್ಲ. ಆ ಲೋಹಾನ ಕಾದು ಬಿಸಿ ಆಗ್ತದ, ಅಷ್ಟ."

"ಬಿಸಿ ಆಗತಿತ್ತಲ್ಲಪಾ," ಎಂದೆ. "ಬಿಸಿ ಆದ್ರ ಆಯ್ತು ಅಂತ ತಿಳ್ಕೊಂಡಿದ್ದೆ."

"ಬಿಸಿ ಆಗೂದು ಬ್ಯಾರೆ, ಚಾರ್ಜ್ ಆಗೂದು ಬ್ಯಾರೆ. ಯಾರ್ ಹೇಳಿದ್ರು ನಿಮಗ? ಮನಿ ಸುಡ್ತಿದ್ರಿ ನೋಡ್ರಿ," ಎಂದು ನಗುತ್ತಾ ಒಂದು ಕಾಲುಂಗುರ ಎತ್ತಿ ಬೆಳಕಿಗೆ ಹಿಡಿದವನು, ನನ್ನ ಮುಖ ನೋಡಿ ಅದನ್ನು ಮೆಲ್ಲಗೆ ಕೆಳಗಿಟ್ಟ. ಎರಡನ್ನೂ ಕಾಗದದಲ್ಲಿ ಸುತ್ತಿ ನನ್ನ ಅಂಗೈಯಲ್ಲಿಟ್ಟ. ಫೋನನ್ನು ಬರಿಮೈಯಲ್ಲಿ ಹಂಚಿನ ಮೇಲೆ ಇಟ್ಟ. "ಕೂಡ್ರಿ ಕಾಕಾ. ಚಾ ಕುಡೀರಿ."

ಚಹಾ ಆರುವ ಹೊತ್ತಿಗೆ ಫೋನಿಗೆ ಬೆಳಕು ಬಂತು. ಮುಟ್ಟಿ ನೋಡಿದೆ, ಸ್ವಲ್ಪವೇ ಬೆಚ್ಚಗಿತ್ತು.

ಅರ್ಧ ಚಾರ್ಜಾದ ಮೇಲೆ ಎದ್ದು ಬಜಾರಕ್ಕೆ ಹೋಗಿ ಬೇವಿನ ಮರದ ಕೆಳಗೆ ನಿಂತೆ. ಪಟ್ಟಿ ಸುಟ್ಟಿರಲಿಲ್ಲ. ಕಿವಿಗೆ ಹಿಡಿದೆ. ಮೊದಲು ಬಳೆಯ ಸದ್ದು, ಆಮೇಲೆ ಅವಳು.

"ತೊಗರಿ ಬ್ಯಾಳಿ ಒಂದ್ ಕಿಲೋ. ಪುಂಡಿಪಲ್ಯಾ, ಎಳೀದು ನೋಡ್ರಿ, ದಂಟು ತರಬ್ಯಾಡ್ರಿ. ಕರಿ ದಾರದ್ದೊಂದು ಉಂಡಿ. ಮತ್ತ… ತಡೀರಿ, ಇನ್ನೊಂದಿತ್ತು. ಏನದು… ನಿನ್ನಿಯಿಂದ ಹೇಳಬೇಕು ಹೇಳಬೇಕು ಅಂತ…"

ಆಗ ಒಂದು ಗಂಡಸಿನ ಗಡಸು ದನಿ ಬಂತು. ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಅದು ನನ್ನದೇ.

"ಸಾಕ್ ಬಿಡ ಮಾರಾಯ್ತಿ, ಬಸ್ಸು ಹೋಗ್ತದ. ತಾ ಇಲ್ಲಿ."

ಅಲ್ಲಿಗೆ ಮುಗಿದಿತ್ತು. ಹಂಚಿನ ಮೇಲಿಂದ ನಾನು ಫೋನು ಕಸಿದುಕೊಂಡಿದ್ದೆ. ನನಗೆ ಅದು ನೆನಪೇ ಇರಲಿಲ್ಲ.

ಬೇಳೆ, ಪುಂಡಿಪಲ್ಯದ ಸೊಪ್ಪು, ದಾರದ ಉಂಡೆ ಕೊಂಡೆ. ಪಲ್ಯದ ದಂಟು ಅಲ್ಲೇ ಮುರಿದು ಹಾಕಿದೆ. ನಾಲ್ಕನೆಯದು ಏನೆಂದು ಅಂಗಡಿ ಅಂಗಡಿಯ ಮುಂದೆ ನಿಂತು ಯೋಚಿಸಿದೆ. ಅವಳ ಅಕ್ಕನನ್ನೂ ಪಕ್ಕದ ಮನೆಯವಳನ್ನೂ ಆಮೇಲೆ ಕೇಳಿದೆ. ಯಾರಿಗೂ ಗೊತ್ತಿಲ್ಲ. ತರುವ ಸಾಮಾನೋ, ಬೇರೇನೋ ಮಾತೋ, ಅದೂ ಗೊತ್ತಿಲ್ಲ.

ಕಾಲುಂಗುರಗಳು ಈಗ ಫೋಟೋದ ಹಿಂದಿವೆ. ಬೆಳಿಗ್ಗೆ ಫೋನನ್ನು ಹಂಚಿನ ಮೇಲಿಟ್ಟು ಅದರ ಮುಂದೆ ಕೂರುತ್ತೇನೆ. ಹೊರಡುವ ಹೊತ್ತಾದರೂ ಏಳುವುದಿಲ್ಲ. ಮೊದಲ ಬಸ್ಸು ಹೋಗಲಿ ಎಂದು ಬಿಟ್ಟು, ಎರಡನೆಯದಕ್ಕೆ ಹೋಗುತ್ತೇನೆ.