ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟವರು

ಗುರುವಾಯನಕೆರೆಯಲ್ಲಿ ಗಾಡಿಗಳ ವೈರಿಂಗ್ ಮಾಡುವವರೊಬ್ಬರಿದ್ದರು. ಯಾವ ಮೋಟಾರು ಕೆಟ್ಟರೂ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುತ್ತಿದ್ದರು. ಗಡಿಬಿಡಿ ಮಾಡಿದವರಿಗೆಲ್ಲ ಒಂದೇ ಮಾತು: “ಅರ್ಜೆಂಟಿದ್ದರೆ ಬಸ್ಸುಂಟು.” ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ದುಡಿದು ಸ್ವಂತ ವ್ಯಾನು ಮಾಡಿದವನು. ಕೆಲಸ ಬಲ್ಲವರ ಮುಂದೆ ಮಾತ್ರ ಬಾಯಿ ಮುಚ್ಚುತ್ತೇನೆ.

ಒಂದು ಬೆಳಿಗ್ಗೆ ಮದುವೆಯ ದಿಬ್ಬಣ ಹತ್ತಿಸಿಕೊಂಡು ಮೂಡಿಗೆರೆಗೆ ಹೊರಟಿದ್ದೆ. ಚಾರ್ಮಾಡಿ ಘಾಟಿಯಲ್ಲಿ ದಟ್ಟ ಮಂಜು ಎಂದು ಸುದ್ದಿ ಬಂತು. ಹೀಟರ್ ಹಾಕಿ ನೋಡಿದರೆ ಫ್ಯಾನ್ ತಿರುಗಲಿಲ್ಲ. ಬಿಸಿಗಾಳಿ ಬಾರದಿದ್ದರೆ ಮುಂದಿನ ಗಾಜಿಗೆ ಹಬೆ ಕಟ್ಟಿ ದಾರಿಯೇ ಕಾಣುವುದಿಲ್ಲ. ವ್ಯಾನನ್ನು ಅವರ ಅಂಗಡಿಗೆ ತಿರುಗಿಸಿದೆ.

ಮದುಮಗನ ಸೋದರಮಾವ ವಾಚು ನೋಡಿದರು. “ಮುಹೂರ್ತ ತಪ್ಪುತ್ತದೆ, ಬೇರೆ ವ್ಯಾನು ಮಾಡುವ.”

“ಅರ್ಜೆಂಟಿದ್ದರೆ ಬಸ್ಸುಂಟು” ಎಂದು ಇವರು ಡ್ಯಾಶ್‌ಬೋರ್ಡಿನಡಿ ಮಲಗಿ ಕಿವಿ ಕೊಟ್ಟರು. ಆಮೇಲೆ ನನಗೆ ಹೇಳಿದರು, “ಮೋಟಾರು ಸತ್ತಿಲ್ಲ ಮಾರಾಯ, ಯಾರೋ ಹಿಡಿದುಕೊಂಡಿದ್ದಾರೆ.”

ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳ ನಡುವೆ ಕುಂಬಾರ ಹುಳ ಕಟ್ಟಿದ ಗಟ್ಟಿ ಮಣ್ಣಿನ ಗೂಡಿತ್ತು. ಅದನ್ನು ಕೆರೆದು ತೆಗೆದರು. ಫ್ಯಾನನ್ನು ಬೆರಳಿನಿಂದ ತಿರುಗಿಸಿ ಮತ್ತೊಮ್ಮೆ ಕೇಳಿದರು. “ಈಗ ಹೋಗಿ.”

ಘಾಟಿಯಲ್ಲಿ ಎಷ್ಟೋ ಗಾಡಿಯವರು ಬದಿಗೆ ನಿಂತು ಗಾಜು ಒರೆಸುತ್ತಿದ್ದರು. ನನ್ನ ಗಾಜು ತೊಳೆದಿಟ್ಟ ಲೋಟದ ಹಾಗಿತ್ತು. ಮುಹೂರ್ತಕ್ಕೆ ಅರ್ಧ ಗಂಟೆ ಮೊದಲೇ ಮದುವೆ ಹಾಲ್‌ಗೆ ಮುಟ್ಟಿದೆವು.

ಮಾವ ಇಳಿದವರೇ ನನ್ನ ಹತ್ತಿರ ಬಂದರು. “ಆ ವೈರಿಂಗಿನ ಜನದ ಫೋನ್ ನಂಬರು ಕೊಡಿ, ನನ್ನ ಕಾರಿಗೂ ಬೇಕು.”

“ಅವರು ಫೋನು ತೆಗೆಯುವುದಿಲ್ಲ” ಎಂದೆ. “ಕಾರು ತೆಗೆದುಕೊಂಡು ಹೋಗಿ ಕಾಯಬೇಕು. ನಾವೆಲ್ಲ ಕಾಯುತ್ತೇವೆ.”