ಉಷ್ಣ ಅಲ್ಲ ಎಂದ ನರ್ಸಮ್ಮ

ಮೊನ್ನೆ ಒಲೆಯ ಮೇಲೆ ಹರಳೆಣ್ಣೆ ಬೆಚ್ಚಗೆ ಮಾಡುತ್ತಿದ್ದೆ. ಅದರ ವಾಸನೆ ಮನೆ ತುಂಬುವ ಹೊತ್ತಿಗೆ ನಡುಮನೆಯಿಂದ ಮೊಮ್ಮಗಳ ದನಿ ಕೇಳಿಸಿತು. ಪಿಯುಸಿ ಓದುವ ಹುಡುಗಿ, ಮಾರನೆಯ ದಿನ ಕಾಲೇಜಿನಲ್ಲಿ ಮಾತಾಡಲು ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದಳು. ವಿಷಯ, ಲೈಂಗಿಕವಾಗಿ ಹರಡುವ ಸೋಂಕು!

"ಹುಣ್ಣು ತಾನಾಗೇ ಮಾಯ್ತು ಅಂತ ಸುಮ್ನಾಗ್ಬೇಡಿ. ಉಷ್ಣ ಅಂತ ಎಣ್ಣೆ ಹಚ್ಕೊಂಡು ಕೂತ್ಕೋಬೇಡಿ."

ನಾನು ಹಾಗೇ ನಿಂತುಬಿಟ್ಟೆ. ಈ ಮಾತನ್ನು ಮೊದಲು ಕೇಳಿದ್ದು ನಮ್ಮ ಯಲಹಂಕದ ನರ್ಸಮ್ಮನ ಬಾಯಲ್ಲಿ...

ಆಗ ನಾನು ಚೊಚ್ಚಲ ಬಸುರಿ. ಯಜಮಾನರು ಯಶವಂತಪುರದ ಮಂಡಿಗೆ ಈರುಳ್ಳಿ ಲಾರಿ ಓಡಿಸುತ್ತಿದ್ದರು. ಹೇಳಿಕೊಳ್ಳಲಾಗದ ಜಾಗದಲ್ಲಿ ಹುಣ್ಣಾಗಿದೆ, ನೋವಿಲ್ಲ ಎಂದು ನನಗೆ ಗುಟ್ಟಾಗಿ ಹೇಳಿದ್ದರು. ಲಾರಿ ಇಂಜಿನ್ ಮೇಲೆ ಕೂತ ಉಷ್ಣ ಎಂದು ನೆತ್ತಿಗೆ ಹರಳೆಣ್ಣೆ ತಟ್ಟಿದೆ, ಮಜ್ಜಿಗೆ ಕುಡಿಸಿದೆ. ಕೆಲವು ವಾರಕ್ಕೆ ಮಾಯಿತು. ಎಣ್ಣೆ ಗೆದ್ದಿತು ಎಂದುಕೊಂಡೆವು.

ಬಸುರಿಯ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು, ನನಗೂ ತಗುಲಿತ್ತು. ಸಿಫಿಲಿಸ್ ಎಂದರು. ನನ್ನ ಮೈಮೇಲೆ ಒಂದು ಗುರುತೂ ಇರಲಿಲ್ಲ! ಹಾಗೇ ಬಿಟ್ಟರೆ ಹೊಟ್ಟೆಯ ಮಗು ದಕ್ಕದೆ ಹೋಗಬಹುದಂತೆ. ನರ್ಸಮ್ಮ ಧಾರವಾಡದ ಕಡೆಯವರು, ನನಗೆ ಇಂಜೆಕ್ಷನ್ ಕೊಟ್ಟು ಸುಮ್ಮನಾಗಲಿಲ್ಲ. ಮನೆಗೇ ಬಂದರು.

"ನಂಗೇನಾಗೈತೆ? ಯಾವತ್ತೋ ವಾಸಿ ಆಯ್ತಲ್ಲಮ್ಮ," ಎಂದು ಯಜಮಾನರು ಲಾರಿಗೆ ಹೊರಟರು.

ನರ್ಸಮ್ಮ ಬಾಗಿಲಿಗೆ ಅಡ್ಡ ನಿಂತರು. "ಇದು ಉಷ್ಣ ಅಲ್ಲ ತಮ್ಮಾ. ಹುಣ್ಣು ಮಾದೈತಿ, ರೋಗ ಒಳಗ ಕುಂತೈತಿ. ಅಕಿ ಒಬ್ಬಾಕಿಗೆ ಸೂಜಿ ಮಾಡಿದ್ರ ನಿನ್ನಿಂದ ಮತ್ತ ಅಕಿಗೇ ಬರ್ತೈತಿ. ನಡಿ ನನ್ನ ಕೂಡ."

ನಾನು ಅಳುತ್ತಾ, "ಎಲ್ಲಿಂದ ತಂದ್ರು ಕೇಳಿ ನರ್ಸಮ್ಮಾ," ಎಂದೆ.

"ಜಗಳ ಆಮ್ಯಾಲೆ ಆಡು ತಂಗಿ. ಮೊದ್ಲ ಕೂಸು ಉಳೀಲಿ."

ಯಜಮಾನರು ತಲೆ ತಗ್ಗಿಸಿಕೊಂಡು ಅವರ ಹಿಂದೆ ಹೋದರು. ಆಮೇಲೆ ನಾನು ಜಗಳ ಆಡಿದೆ, ಚೆನ್ನಾಗಿಯೇ ಆಡಿದೆ! ಇಬ್ಬರಿಗೂ ಔಷಧಿ ಮುಗಿದು, ಮತ್ತೆ ಪರೀಕ್ಷೆ ಆಗುವ ತನಕ ದೂರ ಇರಿ ಎಂದಿದ್ದರು, ಇದ್ದೆವು. ದಿನ ತುಂಬಿ ಹೆಣ್ಣುಮಗು ಹುಟ್ಟಿತು, ಬೀದಿಗೆಲ್ಲ ಕೇಳುವ ಹಾಗೆ ಅತ್ತಿತು.

ಇದನ್ನೆಲ್ಲ ಹೈಸ್ಕೂಲಿನಲ್ಲೇ ಹೇಳಬೇಕು ಎಂಬುದು ನರ್ಸಮ್ಮನ ಹಟ. "ಲಗ್ನ ಆದಮ್ಯಾಲೆ ಹೇಳಿದ್ರ ತಡ ಆಗ್ತೈತಿ," ಎನ್ನುತ್ತಿದ್ದರು. ಊರಿನ ಹಿರಿಯರು ಮೂಗು ಮುರಿದರು. ಶಾಲೆಯವರು ಒಳಗೇ ಬಿಡಲಿಲ್ಲ...

ಮಾರನೆಯ ದಿನ ಕಾಲೇಜಿನಲ್ಲಿ ಮೊಮ್ಮಗಳನ್ನು ಮಾತ್ರ ಯಾರೂ ತಡೆಯಲಿಲ್ಲ. ನಾನೂ ಹೋಗಿ ಕೂತಿದ್ದೆ. ಒಟ್ಟಿಗೆ ಉಂಡರೆ, ಕೈ ಕುಲುಕಿದರೆ ಇದು ಬರುವುದಿಲ್ಲ ಎಂದಳು. ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆ, ಕಾಂಡೋಮ್ ಕಾಪಾಡುತ್ತದೆ ಎಂದಾಗ ಹಿಂದಿನ ಬೆಂಚು ಕಿಸಕ್ಕೆಂದಿತು.

"ನಗು ಮಗಾ, ಪರ್ವಾಗಿಲ್ಲ. ಕೇಳಿಸ್ಕೊಂಡು ನಗು," ಎಂದಳು ನನ್ನ ಬಂಗಾರ!

ನಕ್ಕವನೇ ಎದ್ದು ಕೇಳಿದ, "ಏನೂ ಕಾಣ್ದೇ ಇದ್ರೆ ಗೊತ್ತಾಗೋದ್ ಹೆಂಗೆ?"

"ಪರೀಕ್ಷೆ ಮಾಡಿಸ್ಬೇಕು ಕಣೋ. ಬಂದಿದ್ರೆ ಇಬ್ರೂ ಚಿಕಿತ್ಸೆ ತಗೋಬೇಕು. ನಾಚ್ಕೆ ಪಟ್ರೆ ರೋಗಕ್ಕೇ ಲಾಭ."

ನರ್ಸಮ್ಮ ಹೋದ ವರ್ಷ ಕೆಂಪಾಪುರದ ಮಗನ ಮನೆಯಲ್ಲಿ ತೀರಿಕೊಂಡರು. ಇದ್ದಿದ್ದರೆ ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದೆ. ಅವರಿಲ್ಲ... ಅವರು ಉಳಿಸಿಕೊಟ್ಟ ಕೂಸು ನನ್ನ ಪಕ್ಕದಲ್ಲೇ ಕೂತು, ತನ್ನ ಮಗಳಿಗೆ ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟುತ್ತಿತ್ತು.