ಗಾಳಿಸದ ನೀರಿನ ಸೋಡಾ

ಆ ಮದುವೆಯ ಹನ್ನೆರಡು ಡಜನ್ ಸೋಡಾ ಕೆಡಿಸಿದವನು ನಾನೇ. ಯಂತ್ರದ ತಪ್ಪಲ್ಲ, ಗ್ಯಾಸಿನದೂ ಅಲ್ಲ, ಪೂರಾ ನನ್ನ ಗಂಟಲಿನದು. ಇಪ್ಪತ್ತನೆಯ ವಯಸ್ಸಿಗೆ ನನಗೆ ಬರುತ್ತಿದ್ದ ವಿದ್ಯೆ ಒಂದೇ, ಮತ್ತೊಬ್ಬರ ದನಿ ತೆಗೆಯುವುದು. ಕೊಲ್ಲಾಪುರದ ಕಾಲೇಜಿನಲ್ಲಿ ಎಲ್ಲ ಮಾಸ್ತರರ ದನಿಯೂ ನನಗೆ ಬಾಯಿಪಾಠವಾಗಿತ್ತು, ಅವರು ಹೇಳಿಕೊಟ್ಟದ್ದೊಂದು ಬಿಟ್ಟು. ಹಾಗಾಗಿ ನಪಾಸಾಗಿ, ಗಡಹಿಂಗ್ಲಜದ ಸೋದರಮಾವನ ಸೋಡಾ ಕಾರ್ಖಾನೆಗೆ ಬಂದು ಬಿದ್ದಿದ್ದೆ.

ಕಾರ್ಖಾನೆ ಅಂದರೆ ಹಿತ್ತಲಿನ ಒಂದು ತಗಡಿನ ಶೆಡ್ಡು. ಅರವತ್ತರ ದಶಕ ಆಗಷ್ಟೇ ಸುರುವಾಗಿತ್ತು. ನಮ್ಮ ಓಣಿಯವರು ಯಾರೂ ಅಂಥ ಯಂತ್ರ ಕಂಡಿರಲಿಲ್ಲ. ಮಾಮಾ ಅದನ್ನು ಕೊಲ್ಲಾಪುರದಲ್ಲಿ ಹಳೆಯದೇ ಕೊಂಡು, ಎತ್ತಿನ ಗಾಡಿಯಲ್ಲಿ ತಂದು ಕೂಡಿಸಿದ್ದ. ಗೋಲಿ ಬಾಟಲಿಗಳನ್ನು ಅದರ ಚೌಕಟ್ಟಿಗೆ ಸಿಕ್ಕಿಸಿ, ಗ್ಯಾಸು ಬಿಟ್ಟು, ಹಿಡಿಕೆ ತಿರುವಿದರೆ ಗೋಲಿ ಬಾಟಲಿಯ ಬಾಯಿಗೆ ಗಟ್ಟಿಯಾಗಿ ಕೂಡುತ್ತಿತ್ತು. ಮೊದಮೊದಲು ಜನ ಅದನ್ನು ಹೊಟ್ಟೆನೋವಿನ ಔಷಧವೆಂದೇ ಕುಡಿದರು. ನೂಲ ಎಂಬ ಹಳ್ಳಿಯಿಂದ ಸಂತೆಗೆ ಬಂದಿದ್ದ ರೈತನೊಬ್ಬ ಗುಳ್ಳೆ ಏಳುವುದನ್ನು ನೋಡಿ, ಬಾಟಲಿ ತಿರುಗಿ ನನ್ನ ಕೈಗೇ ಕೊಟ್ಟು, "ಇನ್ನೂ ಕುದಿಯಾಕತ್ತೈತಿ, ಆರಿದ ಮ್ಯಾಲೆ ಕೊಡು" ಅಂದಿದ್ದ. ಅವನ ಮುಖವನ್ನು ತಿಂಗಳುಗಟ್ಟಲೆ ಮಾಡಿ ತೋರಿಸಿ ನಾನು ಪುಕ್ಕಟೆ ಚಹಾ ಕುಡಿದೆ.

ನಮ್ಮ ದೊಡ್ಡ ಗಿರಾಕಿಗಳು ಪೇಟೆಯ ಜೈನ ವ್ಯಾಪಾರಿಗಳು. ಅವರಿಗೆ ಗಾಳಿಸದ, ಅಂದರೆ ಸೋಸದ, ನೀರು ನಡೆಯುತ್ತಿರಲಿಲ್ಲ. ಬಾವಿಯ ನೀರನ್ನು ದಪ್ಪ ಅರಿವೆಯ ಎರಡು ಮಡಿಕೆಯಲ್ಲಿ ಗಾಳಿಸಬೇಕು. ಆಮೇಲೆ ಆ ಅರಿವೆಯನ್ನು ಜಾಲಾಡಿ, ಜಾಲಾಡಿದ ನೀರನ್ನು ಅದೇ ಬಾವಿಗೆ ಇಳಿಬಿಡಬೇಕು, ಅದಕ್ಕೆ ಹತ್ತಿದ ಜೀವಗಳು ತಮ್ಮ ಮನೆ ಸೇರಲಿ ಎಂದು. ನಾವು ಲಿಂಗಾಯತರು, ಆದರೂ ಮಾಮಾ ಇದನ್ನು ಒಂದು ದಿನವೂ ತಪ್ಪಿಸಿದವನಲ್ಲ. ಗಾಳಿಸುವ ಕೆಲಸ ನಾವೆಲ್ಲ ಕಾಕಾ ಅನ್ನುತ್ತಿದ್ದ ವಯಸ್ಸಾದ ಆಳಿನದು. ಮಾಮಾ ಯಂತ್ರದ ಹತ್ತಿರ ನಿಂತು "ಕಾಕಾ, ಗಾಳಿಸಿದಿ?" ಎಂದು ಕೂಗುತ್ತಿದ್ದ. ಗೋಡೆಯ ಆಚೆಯಿಂದ ಕಾಕಾ ಮೂಗಿನಲ್ಲಿ "ಗಾಳಿಸೇನ್ರಿ ಮಾಲಕ್ರ" ಅನ್ನುತ್ತಿದ್ದ. ಆಮೇಲೆಯೇ ಯಂತ್ರ ತಿರುಗುತ್ತಿತ್ತು.

ಆ ಸಲ ಪೇಟೆಯ ದೊಡ್ಡ ಜೈನ ಅಡತಿ ವ್ಯಾಪಾರಿಯ ಮನೆಯಲ್ಲಿ ಮದುವೆ, ಬೀಗರು ಇಚಲಕರಂಜಿಯವರು. ಈ ಸೋಡಾ ಅವರಿಗೆ ಸರಿಬಂದರೆ ಅವರ ಬಳಗದ ಮನೆಗಳೆಲ್ಲ ನಮ್ಮ ಗಿರಾಕಿ, ಕೆಟ್ಟರೆ ಯಂತ್ರಕ್ಕೆ ಗೋಣಿಚೀಲ ಹೊದಿಸಿ ಮನೆಯಲ್ಲಿ ಕೂಡುವುದು ಎಂದು ಮಾಮಾ ವಾರದಿಂದ ಹೇಳುತ್ತಿದ್ದ.

ಮದುವೆಯ ಹಿಂದಿನ ದಿನ ಮುಂಜಾನೆ ಮಾಮಾ ಕೂಗಿದಾಗ ಕಾಕಾ ಚಹಾಕ್ಕೆ ಹೋಗಿದ್ದ. ಗೋಡೆಯ ಆಚೆ ನೀರಿನ ತೊಟ್ಟಿಯ ಹತ್ತಿರ ನಾನಿದ್ದೆ. ಅದರಲ್ಲಿ ಸೇದಿ ಹಾಕಿದ್ದ ನೀರನ್ನು ಇನ್ನೂ ಗಾಳಿಸಿರಲಿಲ್ಲ. ಮೂಗು ಹಿಡಿದುಕೊಂಡು "ಗಾಳಿಸೇನ್ರಿ ಮಾಲಕ್ರ" ಅಂದೆ. ಮಾಮಾ ಇಣುಕಿ ನೋಡಿ ನಗುತ್ತಾನೆ ಅಂದುಕೊಂಡಿದ್ದೆ. ಅವನು ಇಣುಕಲಿಲ್ಲ, ಯಂತ್ರ ತಿರುಗಿತು. ಆಗಲೇ ಓಡಿಹೋಗಿ ಹೇಳಬಹುದಿತ್ತು. ಆದರೆ ದನಿ ಎಷ್ಟು ಸರಿಯಾಗಿ ಬಂತಲ್ಲ ಎಂದು ಹಿಗ್ಗುವುದರಲ್ಲೇ ನನಗೆ ಹೊತ್ತು ಹೋಯಿತು. ಕಾಕಾ ಮರಳಿ ಬಂದು, ಯಂತ್ರ ತಿರುಗುವುದನ್ನು ಕಂಡು, ನಾನೇ ನೀರು ಗಾಳಿಸಿರಬೇಕೆಂದು ತಿಳಿದು ನನ್ನ ಬೆನ್ನು ತಟ್ಟಿದ. ಅದನ್ನೂ ತಟ್ಟಿಸಿಕೊಂಡೆ.

ಕೊನೆಯ ಬಾಟಲಿ ತುಂಬುವ ಹೊತ್ತಿಗೆ ಮದುವೆಮನೆಯ ಅಜ್ಜಿ ತಾವೇ ನೋಡಲು ಬಂದರು. ಬಾಟಲಿಗಳತ್ತ ಕಣ್ಣೂ ಹಾಯಿಸದೆ ನೆಟ್ಟಗೆ ಗೂಟದ ಮೇಲಿನ ಗಾಳಿಸುವ ಅರಿವೆಗೆ ಕೈ ಹಾಕಿದರು.

"ಮಡಚಿದ್ದು ಮಡಚಿದಂಗ ಐತಿ, ಹಪ್ಪಳ ಆದಂಗ ಒಣಗೇತಿ. ಇವತ್ತ ಗಾಳಿಸಿಲ್ಲೇನಪಾ?"

"ಗಾಳಿಸೇವ್ರಿ ಆಯಿ," ಅಂದ ಮಾಮಾ. "ನನ್ನ ಕಿವಿಲೆ ಕೇಳೇನಿ."

"ನೀರು ಗಾಳಿಸೂದು ಅರಿವಿಲೆ, ಕಿವಿಲೆ ಅಲ್ಲ."

ಮಾಮಾ ಕಾಕಾನ ಕಡೆ ತಿರುಗಿದ. ಕಾಕಾ ಕೈ ಮುಗಿದ. "ನಾ ಚಾಕ್ಕ ಹೋಗಿದ್ನಿರಿ ಮಾಲಕ್ರ. ನಾ ಏನೂ ಅಂದಿಲ್ರಿ."

"ನಿನ್ನ ದನಿ ನನಗ ತಿಳಿಯೂದಿಲ್ಲಾ? ಇಷ್ಟ ವರ್ಷ ಆದ ಮ್ಯಾಲೆ ಸುಳ್ಳ ಹೇಳಾಕತ್ತಿ?"

ಕಾಕಾನ ಕಣ್ಣು ತುಂಬಿದವು. ಆಗ ನಾನು ನನ್ನ ಸ್ವಂತ ದನಿಯಲ್ಲಿ "ಅಂದಾಂವ ನಾ, ಮಾಮಾ" ಅಂದೆ. ಆ ದನಿಗೆ ರೂಢಿಯೇ ಇರಲಿಲ್ಲ, ಅರ್ಧಕ್ಕೇ ಒಡೆಯಿತು. ಯಾರೂ ನಂಬಲಿಲ್ಲ.

"ಅಂದು ತೋರಿಸು," ಅಂದರು ಅಜ್ಜಿ.

ಮೂಗು ಹಿಡಿದು ಅಂದೆ. ಕಾಕಾ ಬೆಚ್ಚಿ ತನ್ನ ಬಾಯಿಯನ್ನೇ ಮುಟ್ಟಿ ನೋಡಿಕೊಂಡ. ಮಾಮಾ ಬಾಟಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತ.

"ಎಲ್ಲಾ ಚೆಲ್ಲತೇವ್ರಿ ಆಯಿ. ಮತ್ತ ಹೊಸಾದು ತುಂಬತೇವಿ. ಬ್ಯಾರೆ ಕಡೆ ಮಾತ್ರ ಹೋಗಬ್ಯಾಡ್ರಿ."

ಪರಿಸ್ಥಿತಿ ಸುಧಾರಿಸುವ ಹೊಣೆ ನನ್ನದೆಂದು ನನಗೆ ಯಾಕೋ ಅನ್ನಿಸಿತು. "ಈ ಸಲ ಕಾಕಾನೇ ಗಾಳಿಸಲ್ರಿ ಆಯಿ," ಅಂದೆ. "ನಾ ಮುಂದ ನಿಂತು ನೋಡ್ತೀನ್ರಿ."

ಅಜ್ಜಿ ಅರಿವೆಯನ್ನು ಗೂಟದಿಂದ ತೆಗೆದು ನನ್ನ ಹೆಗಲಿಗೆ ಹಾಕಿದರು.

"ದನಿ ಕಾಕಾಂದು ತಗದಿ, ಕೆಲಸಾನೂ ಕಾಕಾಂದ ಮಾಡು. ನಾಳೆ ಮುಂಜಾನೆ ಸೋಡಾ ಒಯ್ಯಾಕ ಗಾಡಿ ಕಳಸ್ತೀನಿ. ಅಲ್ಲೀತನಕ ಅಂವ ಕೂತು ನೋಡ್ಲಿ, ನೀ ನೀರು ಸೇದು."